ಅರ್ಧ ಬೀಜ

ಬಚ್ಚಲ ಕನ್ನಡಿಯ ಮುಂದೆ ಕೆಳತುಟಿಯನ್ನು ಹೆಬ್ಬೆರಳಿನಿಂದ ಎಳೆದು ಹಿಡಿದು ನಿಂತ ದಾಕ್ಷಾಯಿಣಿಗೆ ಇವತ್ತು ಗೆದ್ದೇ ಗೆಲ್ಲುತ್ತೇನೆ ಅನ್ನಿಸಿತು. ವಸಡು ನಸುಗೆಂಪಗೆ ಹಲ್ಲಿನ ಬುಡಕ್ಕೆ ಅಂಟಿಕೊಂಡಿತ್ತು. ಹೋದ ತಿಂಗಳು ಇದೇ ವಸಡು ಊದಿಕೊಂಡು, ಹಲ್ಲು ನೆಟ್ಟಗೆ ಮಾಡುವ ತಂತಿಗೆಂದು ಹಲ್ಲಿಗೆ ಅಂಟಿಸಿದ ಉಕ್ಕಿನ ಗುಂಡಿಗಳ ಮೇಲೆ ಹತ್ತಿ ಕೂತಿತ್ತು. ಡಾಕ್ಟರ್ ಪ್ರೇಮಲತಾ ಮೊಂಡು ಸೂಜಿಯಿಂದ ಸುಮ್ಮನೆ ಸವರಿದ್ದಕ್ಕೇ ರಕ್ತ ಜಿನುಗಿತ್ತು. ಕೆಂಪಾದ ಹತ್ತಿಯನ್ನು ಚಿಮುಟದಲ್ಲಿ ಹಿಡಿದು ಅವಳ ಮೂಗಿನ ಮುಂದೆಯೇ ತೋರಿಸಿ, ಮುಂದಿನ ಸಲವೂ ಹೀಗೇ ರಕ್ತ ಕಂಡರೆ ತಂತಿ ಗುಂಡಿ ಎಲ್ಲ ಬಿಚ್ಚಿ ಮನೆಗೆ ಕಳಿಸುತ್ತೇನೆ, ವಸಡೇ ಕೊಳೆತ ಮೇಲೆ ಹಲ್ಲು ಸಾಲಾಗಿ ನಿಂತು ಯಾರಿಗೆ ಸಲಾಮು ಹೊಡೆಯಬೇಕು ಎಂದು ಆ ಹುಡುಗಿ ಕೇಳಿದ್ದಳು. ಹುಡುಗಿಯೇ ಸರಿ, ದಾಕ್ಷಾಯಿಣಿಯ ಮದುವೆಯಾದಾಗ ಅವಳಿಗಿನ್ನೂ ಹಾಲುಹಲ್ಲು ಬಿದ್ದಿರಲಿಕ್ಕಿಲ್ಲ. ಆದರೆ ಆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ಎದುರುತ್ತರ ಕೊಡುವ ಸೌಕರ್ಯ ಇರುವುದಿಲ್ಲ. ಮುಂದಿನ ಸಲವೆಂದರೆ ಇವತ್ತು, ಸಂಜೆ ನಾಲ್ಕಕ್ಕೆ. ತಂತಿ ಬಿಚ್ಚಿದರೆ ಕೆಳಗಿನ ಮುಂಬಲ್ಲುಗಳು ಮೊದಲಿನಂತೆ ಒಂದರ ಮೇಲೊಂದು ಒರಗಿಕೊಳ್ಳುತ್ತವೆ, ಸಂದಿಗೆ ಬ್ರಷ್ಷು ಹೋಗುವುದಿಲ್ಲ, ಸಂದಿಯ ಕೊಳೆ ಬೇರಿಗಿಳಿಯುತ್ತದೆ, ಐವತ್ತು ತುಂಬುವ ಹೊತ್ತಿಗೆ ಬಾಯಿ ಬರಿದಾಗುತ್ತದೆ. ಅವಳಿಗೆ ಈಗ ನಲವತ್ತಮೂರು.

ಹಾಗಾಗಿ ಈ ತಿಂಗಳೆಲ್ಲ ಅವಳು ಹಲ್ಲಿನ ಬೆನ್ನು ಹತ್ತಿದ್ದಳು. ಬ್ರಷ್ಷನ್ನು ಮೊದಲು ತಂತಿಯ ಮೇಲಂಚಿಗೆ ಓರೆಯಾಗಿ ಹಿಡಿದು, ಆಮೇಲೆ ಕೆಳಗಿನ ಅಂಚಿಗೆ ಓರೆಯಾಗಿ ಹಿಡಿದು, ವಸಡೂ ಹಲ್ಲೂ ಕೂಡುವ ಗೆರೆಯಲ್ಲಿ ಸಣ್ಣಗೆ ಅಲುಗಿಸಬೇಕು. ಪಾತ್ರೆ ತಿಕ್ಕಿದ ಹಾಗೆ ತಿಕ್ಕಬಾರದು. ಆಮೇಲೆ ಹುಲ್ಲುಗರಿಯಷ್ಟು ದಪ್ಪದ ಪುಟ್ಟ ಕುಂಚವೊಂದನ್ನು ತಂತಿಯ ಅಡಿಗೆ ತೂರಿಸಿ ಒಂದೊಂದು ಗುಂಡಿಯ ಎಡಬಲ ಕೆದಕಬೇಕು. ಕೊನೆಗೆ ಉಗುರುಬೆಚ್ಚಗಿನ ಉಪ್ಪುನೀರು. ಇಷ್ಟೆಲ್ಲ ಆಗಿ, ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಕೂರುವ ಹೊತ್ತಿಗೆ ಗಂಡ ಓಂಕಾರಮೂರ್ತಿ ತಿಂಡಿ ಮುಗಿಸಿ ಕೈ ತೊಳೆದಿರುತ್ತಿದ್ದ. ಲಿಂಗಪೂಜೆಗಿಂತ ಹಲ್ಲುಪೂಜೆಯೇ ಉದ್ದವಾಯಿತು ಎಂದು ಅವನು ದಿನಾ ಒಂದೇ ಮಾತಿನಲ್ಲಿ ಛೇಡಿಸುತ್ತಿದ್ದ. ಹೊಸದೊಂದು ಹುಡುಕಿಕೊಳ್ಳುವ ಶ್ರಮವನ್ನೂ ಪಡುತ್ತಿರಲಿಲ್ಲ. ಮೊಳಕಾಲ್ಮೂರಿನಿಂದ ತಾಯಿ ಕಮಲಾಕ್ಷಮ್ಮ ಫೋನು ಮಾಡಿದಾಗಲೆಲ್ಲ, ಬೂದಿಯಲ್ಲಿ ತಿಕ್ಕಿದ್ದರೆ ಸಾಕಿತ್ತು, ನಾವೆಲ್ಲ ಬದುಕಲಿಲ್ಲವೇ ಎನ್ನುತ್ತಿದ್ದಳು. ಬದುಕಿದ್ದು ನಿಜ, ಆದರೆ ಬೂದಿಯ ಪರವಾಗಿ ಸಾಕ್ಷಿ ಹೇಳಲು ಕಮಲಾಕ್ಷಮ್ಮನ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ತವರಿಗೆ ಹೋದಾಗ ಮಗ್ಗದ ಓಣಿಯ ಮುದುಕಿಯೊಬ್ಬಳು ಗದ್ದ ಹಿಡಿದು, ಈ ವಯಸ್ಸಿನಲ್ಲಿ ಇದೆಲ್ಲ ಯಾಕಮ್ಮಾ ಎಂದು ತೆಲುಗಿನಲ್ಲಿ ಮರುಗಿದಾಗ ದಾಕ್ಷಾಯಿಣಿ ತಂತಿಯೆಲ್ಲ ಕಾಣುವ ಹಾಗೆ ನಕ್ಕುಬಿಟ್ಟಿದ್ದಳು. ನಾಚಿಕೆ ಪಡಬೇಕಾದ ವಯಸ್ಸಿನಲ್ಲಿ ಪಟ್ಟಾಗಿತ್ತು. ಸೆರಗಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ಮಾತಾಡುತ್ತಿದ್ದ ಸೊಸೆಯನ್ನು ಆ ಸೆರಗಿನಿಂದ ಹೊರಗೆ ತಂದದ್ದು ಮಾವ ತೋಟಪ್ಪನವರು, ಅದೂ ತಮ್ಮ ಗರಜಿಗೆ.

ತೋಟಪ್ಪನವರದು ಚಳ್ಳಕೆರೆಯಲ್ಲಿ ಶೇಂಗಾ ಮಂಡಿ. ರೈತರು ಮಾಲು ತಂದು ಮಂಡಿಯ ಮುಂದೆ ರಾಶಿ ಸುರಿಯುತ್ತಾರೆ, ಎಣ್ಣೆಮಿಲ್ಲಿನವರು ಬಂದು ಕೊಳ್ಳುತ್ತಾರೆ, ನಡುವೆ ನಿಂತ ದಲ್ಲಾಳಿ ಮಾಲು ಒಣವೋ ಹಸಿಯೋ ಹೇಳುತ್ತಾನೆ. ಹೇಳುವುದು ಹಲ್ಲಿನಿಂದ. ರಾಶಿಯ ಅಡಿಗೆ ಕೈ ಹಾಕಿ ಒಂದು ಕಾಯಿ ತೆಗೆದು, ಒಡೆದು, ಬೀಜವನ್ನು ಮುಂಬಲ್ಲಿನ ನಡುವೆ ಇಟ್ಟು ಕಚ್ಚಬೇಕು. ಒಣಗಿದ್ದರೆ ಟಕ್ ಎಂದು ಎರಡಾಗುತ್ತದೆ. ಹಸಿಯಿದ್ದರೆ ಸದ್ದಿಲ್ಲದೆ ಬಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಒಂದು ಹೋಳು ದಲ್ಲಾಳಿಯ ಬಾಯಲ್ಲಿ ಉಳಿಯುತ್ತದೆ, ಇನ್ನೊಂದನ್ನು ಅವನು ತೆಗೆದು ರೈತನ ಅಂಗೈಗೆ ಇಡುತ್ತಾನೆ. ಒಳಗಿನ ಬಿಳುಪು ನೋಡಿ ರೈತ ಹೂಂ ಅನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ತೋಟಪ್ಪನವರ ವಸಡು ಕೊಳೆತು ಹಲ್ಲುಗಳು ಒಂದೊಂದಾಗಿ ಕೈಗೆ ಬಂದ ಮೇಲೆ ಅವರು ಕಟ್ಟಿಸಿಕೊಂಡ ಸೆಟ್ಟು ಊಟಕ್ಕೆ ಒದಗಿತೇ ಹೊರತು ಶೇಂಗಾಕ್ಕೆ ಒದಗಲಿಲ್ಲ. ಪಿಂಗಾಣಿಗೆ ಒಣಗಿದ್ದೂ ಒಂದೇ ಹಸಿಯೂ ಒಂದೇ. ಮಗನಿಗೆ ಕಚ್ಚಲು ಹೇಳಿದರು, ಓಂಕಾರಮೂರ್ತಿ ಎಲ್ಲ ಬೀಜಕ್ಕೂ ಪರವಾಗಿಲ್ಲ ಎನ್ನುತ್ತಿದ್ದ. ಅಡಿಗೆಮನೆಯಲ್ಲಿ ಹೋಳಿಗೆಗೆ ಶೇಂಗಾ ಆರಿಸುತ್ತ ಕೂತ ಸೊಸೆ ಒಂದನ್ನು ಕಚ್ಚಿ ನೋಡಿ, ಇದು ಹುರಿಯೋ ಮಾಲಲ್ಲ ಮಾವ, ಇನ್ನೂ ಎರಡು ಬಿಸಿಲು ಬೇಕು ಎಂದು ಸೆರಗಿನ ಸಂದಿಯಿಂದ ಹೇಳಿದ್ದು ಅವರ ಕಿವಿಗೆ ಬಿತ್ತು. ಮಾರನೆಯ ದಿನ ಕಾರಿನಲ್ಲಿ ಕೂರಿಸಿಕೊಂಡು ಮಂಡಿಗೆ ಕರೆತಂದರು. ಈಗ ಮಾವ ಇಲ್ಲ, ಎಣ್ಣೆಮಿಲ್ಲಿನವರು ದರವನ್ನು ಮೊಬೈಲಿನಲ್ಲಿ ಒತ್ತುತ್ತಾರೆ, ಆದರೆ ತಂತಿ ಬರುವ ತನಕ ಒತ್ತುವ ಮೊದಲು ದಾಕ್ಷಾಯಿಣಮ್ಮನ ಬಾಯಿಂದ ಬರುವ ಸದ್ದಿಗೆ ಕಿವಿ ಕೊಡುತ್ತಿದ್ದರು. ಓಂಕಾರಮೂರ್ತಿ ತೇವ ಅಳೆಯುವ ಯಂತ್ರವೊಂದನ್ನು ತಂದು ಗೋಡೆಗೆ ನೇತುಹಾಕಿದ್ದ. ರೈತರು ಅದರ ಅಂಕಿ ನೋಡಿ, ಇರಲಿ, ಅಮ್ಮಾರು ಒಂದ್ಸಲ ಕಚ್ಚಲಿ ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಆಗುತ್ತಿದ್ದ ಹೆಮ್ಮೆಯನ್ನು ಅವಳು ಯಾರೆದುರೂ ಬಚ್ಚಿಟ್ಟವಳಲ್ಲ.

ತಂತಿ ಹಾಕಿದ ದಿನದಿಂದ ಕಚ್ಚುವ ಹಾಗಿರಲಿಲ್ಲ. ಗಟ್ಟಿ ಪದಾರ್ಥವನ್ನು ಮುಂಬಲ್ಲಿನಿಂದ ಕಚ್ಚಿದರೆ ಗುಂಡಿ ಕಿತ್ತು ಬರುತ್ತದೆ, ಕಿತ್ತ ಕಡೆ ವಸಡು ಗಾಯವಾಗುತ್ತದೆ, ಪಟ್ಟ ಪಾಡೆಲ್ಲ ಮೊದಲಿನಿಂದ. ಎರಡು ವರ್ಷದ ಮಾತು, ಅಷ್ಟರವರೆಗೆ ಕಿವಿ ಮತ್ತು ಬೆರಳಿನಲ್ಲಿ ನಿಭಾಯಿಸುತ್ತೇನೆ ಎಂದು ಅವಳು ಧೈರ್ಯವಾಗಿಯೇ ಹೊರಟಿದ್ದಳು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು, ಬೀಜವನ್ನು ಬೆರಳಲ್ಲಿ ತಿಕ್ಕಿ ಸಿಪ್ಪೆ ಬಿಡುವ ರೀತಿ ನೋಡುವುದು. ಬಹಳ ಸಲ ಸರಿಯಾಗಿಯೇ ಬರುತ್ತಿತ್ತು. ಹೋದ ವಾರ ದೊಡ್ಡಉಳ್ಳಾರ್ತಿಯ ಗಾದ್ರಪ್ಪನ ಅರ್ಧ ಮಾಲು ಬಂದಿತ್ತು. ಅಲ್ಲಾಡಿಸಿದಳು, ತಿಕ್ಕಿದಳು, ಸ್ವಲ್ಪ ಹಸಿ ಐತೆ ಎಂದಳು. ಗಾದ್ರಪ್ಪ ಹೂಂ ಅಂದ. ದರ ಇಳಿಯಿತು, ಎಣ್ಣೆಮಿಲ್ಲಿನ ಮುರುಗೇಶ ಕೊಂಡ. ಎರಡು ದಿನ ಬಿಟ್ಟು ಮುರುಗೇಶ ಟೀ ಕುಡಿಯುತ್ತ ನಗುತ್ತ, ಅಕ್ಕ, ಆ ಉಳ್ಳಾರ್ತಿ ಮಾಲು ಒಣಗಿ ಕಡ್ಡಿಯಾಗಿತ್ತು, ನನ್ನ ಅದೃಷ್ಟ ಎಂದ. ಅವನ ನಗು ಮುಗಿಯುವವರೆಗೂ ಅವಳು ಕಾಗದದ ಲೋಟದ ಅಂಚನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಗಾದ್ರಪ್ಪನಿಗೆ ಗೊತ್ತಿರಲಿಲ್ಲವೇ? ಅಂಗಳದಲ್ಲಿ ದಿನಾ ಮಗುಚಿ ಹಾಕಿ ಒಣಗಿಸಿದವನಿಗೆ ಗೊತ್ತಿರದೆ ಇರುತ್ತದೆಯೇ? ಗೊತ್ತಿದ್ದೂ ಹೂಂ ಅಂದನಲ್ಲ ಎಂಬುದು ಅವಳನ್ನು ಕುಟುಕಿತು. ಅವನೊಮ್ಮೆ ಜಗಳಾಡಿದ್ದರೆ ಈ ವಾರವೆಲ್ಲ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಆ ಉರಿಯ ಜೊತೆಗೇ ಇವತ್ತು ಅವಳು ಮಂಡಿಗೆ ಬಂದಳು. ದಾರಿಯಲ್ಲಿ ಕಾರಿನ ಕನ್ನಡಿ ಬಗ್ಗಿಸಿ ಹಲ್ಲು ನೋಡಿಕೊಂಡಳು, ಅದೊಂದು ಚಟವಾಗಿತ್ತು. ತಂತಿ ಹಾಕಿಸಿದ ಹೊಸದರಲ್ಲಿ ಒಂದು ಬೆಳಿಗ್ಗೆಯೆಲ್ಲ ಅವಳು ಗತ್ತಿನಿಂದ ದರ ಮಾತಾಡಿದ್ದಳು, ಖರೀದಿಯವರನ್ನು ಗದರಿದ್ದಳು, ಎಲ್ಲರೂ ಅವಳ ಮುಖ ಬಿಟ್ಟು ಭುಜ ನೋಡುತ್ತ ತಲೆಯಾಡಿಸಿದ್ದರು. ಮಧ್ಯಾಹ್ನ ಕನ್ನಡಿ ನೋಡಿದರೆ ಉಪ್ಪಿಟ್ಟಿನ ಕೊತ್ತಂಬರಿ ಎಲೆಯೊಂದು ತಂತಿಗೆ ತೋರಣ ಕಟ್ಟಿದ ಹಾಗೆ ಕೂತಿತ್ತು. ಒಬ್ಬರೂ ಹೇಳಿರಲಿಲ್ಲ. ಅವತ್ತಿನಿಂದ ಅವಳ ಚೀಲದಲ್ಲಿ ಸಣ್ಣ ಬ್ರಷ್ಷು, ಕುಂಚ, ಅಂಗೈಗನ್ನಡಿ ಇರುತ್ತವೆ. ಮೊದಮೊದಲು ಗೋಣಿಚೀಲದ ಅಟ್ಟಿಯ ಹಿಂದೆ ಕಳ್ಳಿಯಂತೆ ಬಾಯಿ ತೊಳೆಯುತ್ತಿದ್ದಳು. ಕಳ್ಳತನ ತನಗೆ ಒಗ್ಗುವುದಿಲ್ಲ ಎಂದು ಗೊತ್ತಾದ ಮೇಲೆ ಮಂಡಿಯ ಎದುರಿನ ಬೇವಿನ ಮರದ ಕೆಳಗಿನ ನಲ್ಲಿಗೇ ಹೋಗತೊಡಗಿದಳು. ಒಂದು ಗುಟುಕು ಟೀ ಕುಡಿದರೂ ಸರಿ, ಒಂದು ಚೂರು ಬಾಳೆಹಣ್ಣು ತಿಂದರೂ ಸರಿ, ಎಲ್ಲರ ಕಣ್ಣೆದುರು ಮರಕ್ಕೆ ಮುಖ ಮಾಡಿ ನಿಂತು, ಕುಂಚ ತೂರಿಸಿ, ಮುಕ್ಕಳಿಸಿ ಉಗಿಯುತ್ತಿದ್ದಳು. ಹಮಾಲರು ಅದನ್ನು ತಂತಿ ಅಮ್ಮನ ನಲ್ಲಿ ಎಂದು ಕರೆಯತೊಡಗಿದ್ದರು. ಅವಳಿಗೆ ಅದೂ ಸೇರಿತ್ತು.

ಮಂಡಿಯ ಮುಂದೆ ಗಾದ್ರಪ್ಪನ ಉಳಿದ ಮಾಲು ಸುರಿದಿತ್ತು. ಅವನು ಮತ್ತೆ ಇಲ್ಲಿಗೇ ತಂದಿದ್ದ. ಪಕ್ಕದ ಮಂಡಿಗೆ ಹೋಗಬಹುದಿತ್ತು, ಹೋಗಿದ್ದರೆ ಅವಳ ಎದೆ ಹಗುರಾಗುತ್ತಿತ್ತು. ಈ ಸಲ ಹೆಂಡತಿ ಮುದ್ದಕ್ಕನೂ ಬಂದಿದ್ದಳು. ರಾಶಿಯ ಅಂಚಿನಲ್ಲಿ, ಖಾಲಿ ಚೀಲ ಮಡಿಸಿ ಅದರ ಮೇಲೆ ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎಲೆ ಅಡಿಕೆ ಜಗಿಯುತ್ತಿದ್ದಳು. ಕುದಾಪುರದ ಹುಲ್ಲುಗಾವಲಿನಲ್ಲಿ ದನ ಕುರಿ ಬಿಡುವ ಜಾಗಕ್ಕೆ ಸರ್ಕಾರದ ಗೋಡೆ ಬಂದ ಮೇಲೆ ಕುರಿ ಮಾರಿ ಇದ್ದ ಹೊಲಕ್ಕೇ ಅಂಟಿಕೊಂಡ ಜನ ಅವರು, ಆ ಹಟ್ಟಿಯಿಂದ ತೋಟಪ್ಪನವರ ಕಾಲಕ್ಕೂ ಮಾಲು ಬರುತ್ತಿತ್ತು. ಆಗ ಅವರಿಗೆಂದು ಸ್ಟೀಲಿನ ಲೋಟಗಳು ಹೊರಗಿನ ಕಿಟಕಿಯಲ್ಲಿ ಬೋರಲು ಹಾಕಿರುತ್ತಿದ್ದವು. ಆ ಲೋಟಗಳನ್ನು ದಾಕ್ಷಾಯಿಣಿ ತೆಗೆಸಿಹಾಕಿದ್ದಳೆಂದು ಹೇಳಲಾಗದು. ಎಲ್ಲರಿಗೂ ಕಾಗದದ ಲೋಟ ಬಂತು, ಪ್ರಶ್ನೆ ತಾನಾಗಿ ಮುಗಿದ ಹಾಗಾಯಿತು. ಮುರುಗೇಶ, ಇನ್ನಿಬ್ಬರು ಖರೀದಿಯವರು ಮೊಬೈಲು ಹಿಡಿದು ನಿಂತಿದ್ದರು. ಎಲ್ಲರೂ ಅವಳ ಮುಖ ನೋಡಿದರು.

ಅವಳು ರಾಶಿಯ ಅಡಿಗೆ ಕೈ ಹಾಕಿ ಕಾಯಿ ತೆಗೆದಳು, ಕಿವಿಯ ಹತ್ತಿರ ಅಲ್ಲಾಡಿಸಿದಳು. ಬೀಜ ಗುಲುಗುಲು ಅಂದಿತು. ಹೋದ ವಾರ ಗುಲುಗುಲು ಅಂದಿರಲಿಲ್ಲವೇ? ಅಂದಿತ್ತೋ ಏನೋ. ಒಡೆದು ತಿಕ್ಕಿದಳು, ಸಿಪ್ಪೆ ಅರ್ಧ ಬಿಟ್ಟಿತು, ಅರ್ಧ ಬಿಡಲಿಲ್ಲ. ಬೆರಳು ಒಂದು ಹೇಳಿತು, ಕಿವಿ ಇನ್ನೊಂದು ಹೇಳಿತು. ಗೋಡೆಯ ಯಂತ್ರದ ಅಂಕಿಗೆ ಇಲ್ಲಿ ಯಾರೂ ಹೂಂ ಅನ್ನುವವರಲ್ಲ. ಬೀಜ ಬಾಯಿಯ ಹತ್ತಿರ ಬಂದೇಬಿಟ್ಟಿತ್ತು, ಕೈಗೆ ಇಷ್ಟು ವರ್ಷದ ರೂಢಿ. ತಂತಿಯ ತಣ್ಣನೆಯ ಅಂಚು ತುಟಿಗೆ ತಾಗಿ ಅವಳು ತಡೆದಳು. ಕಚ್ಚಿಬಿಡಲೇ? ಒಂದೇ ಒಂದು. ಗುಂಡಿ ಹಾರಿದರೆ ಸಂಜೆ ನಾಲ್ಕಕ್ಕೆ ಪ್ರೇಮಲತಾ ಮಿಕ್ಕಿದ್ದನ್ನೂ ಬಿಚ್ಚುತ್ತಾಳೆ, ಆಮೇಲೆ ಕಚ್ಚುವುದಕ್ಕೆ ಹಲ್ಲೇ ಇರುವುದಿಲ್ಲ. ಕಚ್ಚದಿದ್ದರೆ ಗಾದ್ರಪ್ಪ ಇನ್ನೊಮ್ಮೆ ಹೂಂ ಅನ್ನುತ್ತಾನೆ, ಆ ಹೂಂ ಕೇಳಲು ತನ್ನಿಂದಾಗುವುದಿಲ್ಲ. ಮಾವ ಸೆಟ್ಟು ಹಾಕಿಕೊಂಡು ಬೀಜ ಕಚ್ಚಿ, ಸದ್ದು ಕೇಳದೆ, ಸುತ್ತಲಿನವರ ಮುಖ ನೋಡಿ ಸುಳ್ಳೇ ತಲೆಯಾಡಿಸಿದ ಒಂದು ಬೆಳಿಗ್ಗೆ ಅವಳ ಕಣ್ಣ ಮುಂದೆ ಬಂತು. ಆ ಮುಖ ತನ್ನ ಮುಖದ ಮೇಲೆ ಬರಕೂಡದು ಎಂದು ಅವಳಿಗೆ ಸಿಟ್ಟೇ ಬಂತು. ಸಿಟ್ಟು ಬಂದಾಗ ಅವಳ ಬುದ್ಧಿ ಚುರುಕಾಗುತ್ತಿತ್ತು. ಬೀಜವನ್ನು ಗಾದ್ರಪ್ಪನ ಕಡೆ ಚಾಚಿ, ನಿನ್ನ ಮಾಲು ನೀನೇ ಕಚ್ಚು, ನಾನು ಕೇಳುತ್ತೇನೆ ಎಂದಳು. ಗಾದ್ರಪ್ಪ ಬೊಚ್ಚುಬಾಯಿ ತೆರೆದು ತೋರಿಸಿ ನಕ್ಕ. ಹೊಗೆಸೊಪ್ಪು ಒಂದನ್ನೂ ಬಿಟ್ಟಿರಲಿಲ್ಲ. ಆಗ ಅವಳು ಮುದ್ದಕ್ಕನ ಕಡೆ ತಿರುಗಿದಳು.

ಮುರುಗೇಶ ಮೊಬೈಲನ್ನು ಜೇಬಿಗಿಳಿಸಿದ. “ಮಾರೋರೇ ಕಚ್ಚಿ ಒಣ ಐತೆ ಅಂದ್ರೆ ನಾವು ಕಣ್ಮುಚ್ಕಂಡು ತಗಬೇಕೇನಕ್ಕ?”

“ಕಾಯಿ ಆರ್ಸೋಳು ನಾನು, ಕಚ್ಚೋಳು ಅವಳು, ಕೇಳೋರು ನೀವು. ಕಿವಿ ಐತಲ್ಲ ಮುರುಗೇಶ, ಹತ್ರ ಬಾ.”

ಮುದ್ದಕ್ಕ ಎದ್ದು ಬಂದಳು. ಎಲೆ ಅಡಿಕೆ ಉಗಿದು, ನಲ್ಲಿಯಲ್ಲಿ ಬಾಯಿ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು. ಪರೀಕ್ಷೆಗೆ ಕರೆದವರು ಬರುವ ಹಾಗೆ ಬಂದಳು. ಎಲೆಯ ಕೆಂಪು ಕೂತಿದ್ದರೂ ಹಲ್ಲು ಗಟ್ಟಿಯಾಗಿ ಸಾಲು ನಿಂತಿದ್ದವು. ದಾಕ್ಷಾಯಿಣಿಗೆ ಒಂದು ಗಳಿಗೆ ಅಸೂಯೆಯಾಯಿತು. ಕಾಯಿ ಒಡೆದು ಬೀಜ ಕೊಟ್ಟಳು. ಮುದ್ದಕ್ಕ ಮುಂಬಲ್ಲಿನ ನಡುವೆ ಇಟ್ಟು ಕಚ್ಚಿದಳು. ಟಕ್. ಆ ಸದ್ದು ಹೊರಗಿನಿಂದ ಹೇಗೆ ಕೇಳುತ್ತದೆಂದು ದಾಕ್ಷಾಯಿಣಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅದು ಅವಳ ತಲೆಬುರುಡೆಯ ಒಳಗೆ ಕೇಳಿತ್ತು. ಈಗ ಗಾಳಿಯಲ್ಲಿ, ಬಿಸಿಲಿನಲ್ಲಿ, ಎಲ್ಲರಿಗೂ ಸೇರಿದ ಸದ್ದಾಗಿ ಕೇಳಿತು. ರಾಶಿಯ ಇನ್ನೊಂದು ಕಡೆಯಿಂದ ಇನ್ನೊಂದು ತೆಗೆದು ಕೊಟ್ಟಳು. ಟಕ್. ನಡುಹೊಟ್ಟೆಯಿಂದ ಒಂದು. ಮುರುಗೇಶನೇ ಬಗ್ಗಿ ಒಂದು ಕಾಯಿ ಆರಿಸಿಕೊಟ್ಟ. ಟಕ್. ಅವನು ಜೇಬಿನಿಂದ ಮೊಬೈಲು ತೆಗೆದ. “ಒಣ ಐತೆ,” ಎಂದಳು ದಾಕ್ಷಾಯಿಣಿ, ಮಂಡಿಯ ಆಚೆ ತುದಿಗೂ ಕೇಳುವ ಹಾಗೆ. “ಹೋದ ವಾರದ್ದೂ ಒಣಾನೇ ಇತ್ತು. ನಂಗೆ ತಿಳೀಲಿಲ್ಲ.” ಅದನ್ನು ಹೇಳಬೇಕೆಂದು ಅವಳು ಬಂದಿರಲಿಲ್ಲ. ಹೇಳಿದ ಮೇಲೆ ಹೇಳಿದ್ದೇ ಸರಿ ಅನ್ನಿಸಿತು.

ಆಗ ಅದು ಆದದ್ದು. ಮುದ್ದಕ್ಕ ಬಾಯಿಂದ ಇನ್ನೊಂದು ಹೋಳನ್ನು ಬೆರಳಲ್ಲಿ ತೆಗೆದು ದಾಕ್ಷಾಯಿಣಿಯ ಅಂಗೈಗೆ ಇಟ್ಟಳು. ಕಚ್ಚಿದವರು ಅರ್ಧ ಕೊಡಬೇಕು. ಗಾದ್ರಪ್ಪನ ಅಂಗೈಗೆ ದಾಕ್ಷಾಯಿಣಿ ಹಾಗೆ ಇಟ್ಟದ್ದನ್ನು ಮುದ್ದಕ್ಕ ಎಷ್ಟೋ ಸುಗ್ಗಿ ನೋಡಿದ್ದಳು, ಅವಳ ಕೈಗೂ ಅದೇ ರೂಢಿ ಬಂದುಬಿಟ್ಟಿತು. ಇಟ್ಟ ಮೇಲೆ ಅವಳಿಗೆ ತಿಳಿಯಿತು. ಮುಖ ಒಣಗಿತು. “ಅಯ್ಯೋ ಶಿವನೆ, ಎಂಜ್ಲು ಕಣ್ರಿ ಅಮ್ಮಾರೆ,” ಎಂದು ಮೆಲ್ಲಗೆ ಹೇಳಿ ಅದನ್ನು ಮರಳಿ ತೆಗೆದುಕೊಳ್ಳಲು ಕೈ ಚಾಚಿದಳು. ಹಮಾಲರು ಚೀಲ ಎತ್ತುವುದನ್ನು ಬಿಟ್ಟು ನೋಡುತ್ತಿದ್ದರು. ಅರ್ಧ ಬೀಜ, ಒಂದು ಬದಿ ಬಿಳುಪು, ಇನ್ನೊಂದು ಬದಿಗೆ ಕೆಂಪು ಸಿಪ್ಪೆ, ಅಂಚಿನಲ್ಲಿ ಸ್ವಲ್ಪ ಒದ್ದೆ. ದಾಕ್ಷಾಯಿಣಿಯ ಬೆರಳುಗಳು ಅದನ್ನು ಮುಟ್ಟದ ಹಾಗೆ ಬಿಚ್ಚಿಕೊಂಡವು. ಅದು ಅಸಹ್ಯವೇ, ಬೇರೆ ಹೆಸರು ಬೇಡ. ಮತ್ತು ಅದರ ಹಿಂದೆಯೇ, ತಾನು ಇಷ್ಟು ವರ್ಷ ತನ್ನ ಬಾಯಿಂದ ತೆಗೆದು ಈ ಜನರ ಅಂಗೈಗೆ ಇಟ್ಟದ್ದಕ್ಕೆ ಎಂಜಲು ಎಂಬ ಹೆಸರು ಒಂದು ಸಲವೂ ತನ್ನ ತಲೆಗೆ ಹೊಳೆದಿರಲಿಲ್ಲ ಎಂಬುದು ಬಂತು. ಗಾದ್ರಪ್ಪ ಆ ಹೋಳನ್ನು ನೋಡಿ, ಹೂಂ ಎಂದು, ಪ್ರತಿ ಸಲವೂ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬೊಚ್ಚುಬಾಯಲ್ಲಿ ಅದನ್ನು ಎಷ್ಟು ಹೊತ್ತು ಚೀಪುತ್ತಿದ್ದನೋ. ಅವಳು ಅಂಗೈ ಎತ್ತಿ ಬೀಜವನ್ನು ಬಾಯಿಗೆ ಹಾಕಿಕೊಂಡಳು, ನಾಲಿಗೆಯಿಂದ ಹಿಂದಕ್ಕೆ ತಳ್ಳಿ ದವಡೆಹಲ್ಲಿನಲ್ಲಿ ಅಗಿದಳು. ಶೇಂಗಾ ಶೇಂಗಾದ ಹಾಗೇ ಇತ್ತು, ಹಾಲುಹಾಲಾಗಿ, ಕೊನೆಗೆ ಸ್ವಲ್ಪ ಒಗರಾಗಿ.

ನುಂಗಿದ ಮರುಕ್ಷಣ ಅವಳ ಕೈ ಚೀಲದೊಳಗಿನ ಬ್ರಷ್ಷಿಗೆ ಹೋಯಿತು, ಕಾಲು ನಲ್ಲಿಯ ಕಡೆ ತಿರುಗಿತು. ಒಂದು ಹೆಜ್ಜೆ ಇಟ್ಟು ನಿಂತಳು. ಮುದ್ದಕ್ಕ ನೋಡುತ್ತಿದ್ದಳು. ಗಾದ್ರಪ್ಪ ನೋಡುತ್ತಿರಲಿಲ್ಲ, ಬೇಕೆಂದೇ ರಾಶಿಯನ್ನು ಕಾಲಿನಿಂದ ಒಟ್ಟುತ್ತಿದ್ದ. ಈಗ ನಲ್ಲಿಗೆ ಹೋಗಿ ಕುಂಚ ಹಾಕಿ ತಿಕ್ಕಿ ಮೂರು ಸಲ ಉಗಿದರೆ ಅವರು ಏನೆಂದುಕೊಳ್ಳುತ್ತಾರೆ? ದಿನಾ ತೊಳೆಯುತ್ತಾಳೆ, ಡಾಕ್ಟರು ಹೇಳಿದ್ದಾರೆ ಎಂದುಕೊಳ್ಳುತ್ತಾರೆಯೇ? ಎಲ್ಲರೆದುರು ತಿಂದಳು, ಎಲ್ಲರೆದುರು ತೊಳೆದುಕೊಂಡಳು ಎಂದುಕೊಳ್ಳುತ್ತಾರೆ. ಹಾಗಾದರೆ ತೊಳೆಯುವುದಾದರೂ ಯಾವುದನ್ನು? ಡಾಕ್ಟರ ಮಾತಿಗೆ ತೊಳೆಯುತ್ತೇನೋ ಇವಳ ಬಾಯಿಗೆ ತೊಳೆಯುತ್ತೇನೋ ಎಂದು ತನ್ನನ್ನೇ ಕೇಳಿಕೊಂಡಾಗ ಅವಳಿಗೆ ಉತ್ತರ ನಿಚ್ಚಳವಾಗಿ ಸಿಗಲಿಲ್ಲ. ಅದೇ ಅವಳನ್ನು ಅಲ್ಲಿ ನಿಲ್ಲಿಸಿತು. ಮುದ್ದಕ್ಕನೇ ಹತ್ತಿರ ಬಂದು, “ಹೋಗಿ ಬಾಯಿ ತೊಳಕಳ್ರಿ ಅಮ್ಮಾರೆ, ದಿನಾ ತೊಳಕಂತೀರಲ್ಲ,” ಎಂದಳು. ಆ ದನಿಯಲ್ಲಿ ನೋವಿತ್ತೋ, ಕರುಣೆಯಿತ್ತೋ, ಬರೀ ನೆನಪು ಮಾಡುವುದಿತ್ತೋ, ಎಷ್ಟು ಹೆಕ್ಕಿದರೂ ತಿಳಿಯಲಿಲ್ಲ. ಆಮೇಲೆ ತೊಳೆದರಾಯಿತು ಎಂದು ದಾಕ್ಷಾಯಿಣಿ ಚೀಲದ ಜಿಪ್ಪು ಎಳೆದು, ಒಳಗೆ ಹೋಗಿ ಗದ್ದುಗೆಯ ಮೇಲೆ ಕೂತಳು.

ತೂಕ ಮುಗಿಯುವಷ್ಟರಲ್ಲಿ ಮೂರು ದಾಟಿತು. ಮನೆಯಿಂದ ಬಂದ ಊಟದ ಡಬ್ಬಿಯನ್ನು ಅವಳು ಬಿಚ್ಚಲಿಲ್ಲ, ಉಂಡರೆ ತೊಳೆಯಲೇಬೇಕಾಗುತ್ತದೆ. ಟೀಯನ್ನೂ ಬೇಡವೆಂದಳು. ಅಗಿದ ಬೀಜದ ಹಿಟ್ಟು ಮೊದಲು ಗುಂಡಿಗಳ ಸುತ್ತ ಮೆತ್ತಿಕೊಂಡಿತು, ಆಮೇಲೆ ಹುಳಿಯಾಯಿತು. ಸಿಪ್ಪೆಯ ಚೂರೊಂದು ಹೇಗೋ ಮುಂದಕ್ಕೆ ಬಂದು ಕೆಳಗಿನ ಮುಂಬಲ್ಲಿನ ತಂತಿಯ ಅಡಿಗೆ, ವಸಡಿನ ಅಂಚಿಗೇ ಚುಚ್ಚಿಕೊಂಡು ಕೂತಿತು. ನಾಲಿಗೆ ಅದನ್ನು ಬಿಟ್ಟು ಬೇರೆಲ್ಲಿಗೂ ಹೋಗಲೊಲ್ಲದು. ತಳ್ಳಿದಷ್ಟೂ ಅದು ಒಳಕ್ಕೆ ಇಳಿಯುತ್ತಿತ್ತು. ಒಂದು ತಿಂಗಳ ಓರೆ ಬ್ರಷ್ಷು, ಉಪ್ಪುನೀರು, ಗಂಡನ ಕುಚೋದ್ಯ, ಎಲ್ಲವೂ ಈ ಉಗುರಿನಷ್ಟು ಸಿಪ್ಪೆಗೆ ನೀರುಪಾಲಾಗುತ್ತದೆಯೇ ಎಂದು ಹೆದರಿಕೆಯಾಯಿತು. ಗೋಣಿ ಅಟ್ಟಿಯ ಹಿಂದೆ ಹೋಗಿ ಗುಟ್ಟಾಗಿ ಒಮ್ಮೆ ಮುಕ್ಕಳಿಸಿ ಬರಬಹುದಿತ್ತು. ಎರಡು ಸಲ ಎದ್ದು ಎರಡು ಸಲ ಕೂತಳು. ಎದುರಿಗೆ ತೊಳೆಯುವುದಕ್ಕಿಂತ ಕದ್ದು ತೊಳೆಯುವುದು ಕೀಳು, ಅಷ್ಟು ಅವಳಿಗೆ ಖಚಿತವಾಗಿ ಗೊತ್ತಿತ್ತು. ಗಾದ್ರಪ್ಪ ಒಳಗೆ ಬಂದು ಹೋಗಿಬರುತ್ತೇವೆಂದ, ಈ ಸಲದ ದರಕ್ಕೆ ಅವನ ಮುಖ ಅರಳಿತ್ತು. ಹೊರಗೆ ಬಿಸಿಲಿಗೆ ಕೈಮರೆ ಮಾಡಿ ನಿಂತ ಮುದ್ದಕ್ಕನಿಗೆ ಅವಳು ತಲೆಯಾಡಿಸಿದಳು, ತುಟಿ ಬಿಚ್ಚದೆ. ಅವರ ಟೆಂಪೊ ತಿರುವು ದಾಟುವ ಹೊತ್ತಿಗೆ ನಾಲ್ಕಕ್ಕೆ ಹತ್ತೇ ನಿಮಿಷವಿತ್ತು.

ಕ್ಲಿನಿಕ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ, ಕೂರುವ ಮೊದಲೇ ಒಳಗೆ ಕರೆದರು. ಪ್ರೇಮಲತಾ ದೀಪ ಎಳೆದು ಮೊಂಡು ಸೂಜಿ ಕೈಗೆತ್ತಿಕೊಂಡಳು. ಮೇಲಿನ ಸಾಲು ಬಲಗಡೆ, ಹತ್ತಿ ಬೆಳ್ಳಗೇ ಬಂತು. ಎಡಗಡೆ, ಬೆಳ್ಳಗೆ. ಕೆಳಗಿನ ದವಡೆ, ಹಿಟ್ಟು ಹಿಟ್ಟಾಗಿದ್ದರೂ ಬೆಳ್ಳಗೆ. ಹುಡುಗಿ ಹುಬ್ಬೇರಿಸಿ, ಏನು ದಾಕ್ಷಾಯಿಣಿಯವರೇ, ಯಾರದೋ ಹೊಸ ವಸಡು ಹಾಕಿಸಿಕೊಂಡು ಬಂದ ಹಾಗಿದೆ ಎಂದಳು. ಆಮೇಲೆ ಸೂಜಿ ಮುಂಬಲ್ಲಿಗೆ ಬಂತು, ನಿಂತಿತು. ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದಳು. ಕೆಂಪು. ದಾಕ್ಷಾಯಿಣಿ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಹೋಗುವುದಾದರೆ ಹೋಗಲಿ ಎಂದು ಮನಸ್ಸಿಗೆ ಹೇಳಿಕೊಳ್ಳಲು ನೋಡಿದಳು, ಮನಸ್ಸು ಒಪ್ಪಲಿಲ್ಲ. ಅವಳಿಗೆ ತನ್ನ ಹಲ್ಲು ಬೇಕಿತ್ತು, ಮುಪ್ಪಿನವರೆಗೂ ಬೇಕಿತ್ತು. ಚಿಮುಟ ಒಳಗೆ ಹೋಯಿತು, ಏನೋ ಎಳೆದ ಹಾಗಾಯಿತು, ಹೊರಗೆ ಬಂದ ತುದಿಯಲ್ಲಿ ಶೇಂಗಾದ ಕೆಂಪು ಸಿಪ್ಪೆಯಿತ್ತು. ಅದು ಕೂತಿದ್ದ ಜಾಗಕ್ಕೆ ಹತ್ತಿ ಒತ್ತಿ ಹಿಡಿದು ಪ್ರೇಮಲತಾ ಕಾದಳು. ಹತ್ತಿ ಎತ್ತಿ ಅವಳ ಮೂಗಿನ ಮುಂದೆ ತೋರಿಸಿದಳು. ಒದ್ದೆಯಾಗಿತ್ತು, ಬೆಳ್ಳಗಿತ್ತು.

“ಇಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ. ಇವತ್ತು ತಿಂದ ತಕ್ಷಣ ಯಾಕೆ ತೊಳೆಯಲಿಲ್ಲ?”

“ಇವತ್ತು ತೊಳಿಯೋ ಹಾಗಿರಲಿಲ್ಲ,” ಎಂದಳು ದಾಕ್ಷಾಯಿಣಿ. ಪ್ರೇಮಲತಾ ಕಾರಣ ಕೇಳಲಿಲ್ಲ, ನೀರು ನಿಂತಿತ್ತೇನೋ ಎಂದುಕೊಂಡಿರಬೇಕು. ತಂತಿ ಬಿಗಿ ಮಾಡಿ, ಈಗಲೇ ಬೇಸಿನ್ನಿನಲ್ಲಿ ತೊಳೆದು ಹೋಗಿ ಎಂದಳು. ಬೇಸಿನ್ನಿನ ಮೇಲೆ ದೊಡ್ಡ ಕನ್ನಡಿಯಿತ್ತು. ಬ್ರಷ್ಷನ್ನು ಓರೆಯಾಗಿ ಹಿಡಿದು ಅವಳು ಶುರು ಮಾಡಿದಳು. ಹುಳಿಹಿಟ್ಟು ಬಿಟ್ಟು ಬಂತು, ಬಾಯಿ ಹಗುರಾಯಿತು. ಆ ಹಗುರದ ಬೆನ್ನಿಗೇ, ಇಲ್ಲಿ ಮುದ್ದಕ್ಕ ನೋಡುತ್ತಿಲ್ಲವಲ್ಲ ಎಂಬ ಸಮಾಧಾನ ಒಳಗೆಲ್ಲೋ ಇಣುಕಿತು. ಇಣುಕಿದ್ದನ್ನು ಅವಳು ಕನ್ನಡಿಯಲ್ಲಿ ಹಿಡಿದಳು. ಇದೂ ಗೋಣಿ ಅಟ್ಟಿಯ ಹಿಂದೆ ತೊಳೆದ ಹಾಗೇ ಆಯಿತು. ಇನ್ನು ಒಂದೇ ದಾರಿ. ಮುಂದಿನ ಮಾಲಿಗೂ ಮುದ್ದಕ್ಕನೇ ಕಚ್ಚಬೇಕು, ಅರ್ಧ ತಾನು ತಿನ್ನಬೇಕು, ತಿಂದು ಅವಳೆದುರೇ ಬೇವಿನ ಮರದ ನಲ್ಲಿಯಲ್ಲಿ ತೊಳೆಯಬೇಕು, ಅದರ ಮುಂದಿನ ಸಲವೂ ಹಾಗೇ, ತೊಳೆಯುವುದು ಬರೀ ತೊಳೆಯುವುದಾಗುವ ತನಕ. ಯೋಚನೆ ಹೀಗೆ ಗಟ್ಟಿಯಾದ ಮೇಲೆ ತಡೆಯುವುದು ಅವಳ ಜಾಯಮಾನವಲ್ಲ. ಮೆಟ್ಟಿಲಿಳಿಯುತ್ತಲೇ ಗಾದ್ರಪ್ಪನಿಗೆ ಫೋನು ಮಾಡಿ ಹೆಂಡತಿಗೆ ಕೊಡಲು ಹೇಳಿದಳು. ಟೆಂಪೊದ ಗಾಳಿ ಫೋನಿನೊಳಗೆ ಹೊಡೆಯುತ್ತಿತ್ತು. ಕುದಾಪುರದ ಗೋಡೆಯ ಪಕ್ಕ ಹೋಗ್ತಿದೀವಿ ಎಂದಳು ಮುದ್ದಕ್ಕ. ದಾಕ್ಷಾಯಿಣಿ ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

“ಬಾಯಿ ತೊಳಕಂಡ್ರಾ ಅಮ್ಮಾರೆ?”

ದಾಕ್ಷಾಯಿಣಿಗೆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. “ಈಗ ತೊಳಕಂಡೆ ಕಣವ್ವ,” ಎಂದಳು.

“ಅಷ್ಟೊತ್ತು ಯಾಕೆ ಬಿಟ್ರಿ? ನಾನು ಆಗ್ಲೇ ನೀವು ಒಳಿಕ್ಕೆ ಹೋದ ಕೂಡ್ಲೆ ನಿಮ್ಮ ನಲ್ಲ್ಯಾಗೆ ತೊಳಕಂಡೆ. ಸಿಪ್ಪೆ ಸಿಕ್ಕಂಡ್ರೆ ವಸಡು ನೋಯ್ತೈತೆ.”

ದಾಕ್ಷಾಯಿಣಿ ನಕ್ಕುಬಿಟ್ಟಳು. ಮೂರು ಗಂಟೆ ಹೊತ್ತು ಬಾಯಿ ಹುಳಿ ಮಾಡಿಕೊಂಡು ತಾನು ಕಾದ ಮರ್ಯಾದೆಯನ್ನು ಇವಳು ಅಲ್ಲೇ, ಆಗಲೇ, ತನ್ನ ನಲ್ಲಿಯಲ್ಲೇ ಮುಕ್ಕಳಿಸಿ ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಿಂತಿದ್ದಳು. ಕ್ಲಿನಿಕ್ಕಿನ ಎದುರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ನಿಂತವರು ತಂತಿ ತುಂಬಿದ ಆ ನಗುವನ್ನು ತಿರುಗಿ ನೋಡಿದರು. ಅವಳು ಸೆರಗು ಎತ್ತಲಿಲ್ಲ. ಮುಂದಿನ ಮಾಲಿಗೂ ಬಾರವ್ವ, ಕಚ್ಚೋಕೆ ಜನ ಬೇಕು ಎಂದು ಫೋನಿಗೆ ಹೇಳಿದಳು.